ಓಟು ಹಾಕಿ ಏನು ಪ್ರಯೋಜನ ಅನ್ನುವವರಿಗೆ

ಚುನಾವಣೆ ಹತ್ತಿರ ಬಂದಾಗಲೆಲ್ಲ ನಮ್ಮ ಉತ್ತರ ಕನ್ನಡ ಜಿಲ್ಲೆಯ ಶಿರಸಿಯ ಹೋಟೆಲ್‌ಗಳಲ್ಲಿ, ಸೊಸೈಟಿ ಕಟ್ಟೆಯ ಮೇಲೆ, ಬಸ್ ಸ್ಟ್ಯಾಂಡಿನಲ್ಲಿ ಕೇಳಿಬರುವ ಮಾತು ಒಂದೇ: "ಯಾರಿಗೆ ಹಾಕಿದ್ರೂ ಅಷ್ಟೇ ಬಿಡಿ." ಮೊದಲೆಲ್ಲ ವಯಸ್ಸಾದವರು ಬೇಸರದಲ್ಲಿ ಹೀಗೆ ಹೇಳುತ್ತಿದ್ದರು. ಹೇಳಿ, ಆಮೇಲೆ ಎದ್ದು ಹೋಗಿ ಓಟು ಹಾಕಿಯೇ ಬರುತ್ತಿದ್ದರು. ಈಗ ಹೊಸದಾಗಿ ಮತದಾರರ ಪಟ್ಟಿಗೆ ಸೇರಿದ ಹುಡುಗರು ಹೇಳುತ್ತಿದ್ದಾರೆ, ಹೇಳಿ ಸುಮ್ನೆ ಮನೆಯಲ್ಲೇ ಉಳಿಯುತ್ತಿದ್ದಾರೆ. ನನಗೆ ಸಂಕಟವಾಗುವುದು ಅದಕ್ಕೆ.

ಬೆಂಗಳೂರಿನಲ್ಲಿರುವ ನನ್ನ ಅಕ್ಕನ ಮಗ 2024ರ ಮೇ 7ಕ್ಕೆ, ಲೋಕಸಭೆಗೆ ಓಟು ಹಾಕುವ ದಿನ, ಊರಿಗೆ ಬರಲಿಲ್ಲ. ಯಾಕೋ ಅಂದರೆ, "ಮಾವ, ಇವರಲ್ಲದಿದ್ರೆ ಅವರು. ಇಬ್ರೂ ಸೇರಿ ನಮ್ ಜಿಲ್ಲೆಗೆ ಒಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೊಟ್ಟಿಲ್ಲ. ನಾನು ರಾತ್ರಿಯಿಡೀ ಬಸ್ಸಲ್ಲಿ ಕೂತು ಯಾಕೆ ಬರ್ಬೇಕು?" ಅಂದ.

ಅವನ ಮಾತನ್ನು ಸುಳ್ಳು ಅನ್ನೋಕೆ ನನ್ನಿಂದ ಆಗಲ್ಲ. 2022ರ ಜುಲೈನಲ್ಲಿ ಹೊನ್ನಾವರದಿಂದ ಕುಂದಾಪುರದ ಕಡೆ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಗೇಟಿನ ಹತ್ತಿರ ಮಳೆಯಲ್ಲಿ ಜಾರಿ ಬಿತ್ತು. ನಾಲ್ಕು ಜೀವ ಹೋಯಿತು. ಆ ವಿಡಿಯೋ ನೋಡದವರು ಈ ಜಿಲ್ಲೆಯಲ್ಲಿ ಇದ್ದಾರೆಯೇ? ಆಗ ಎಲ್ಲರೂ ಎದ್ದು ನಿಂತರು. ಆಸ್ಪತ್ರೆ ಇಲ್ಲದಿದ್ದರೆ ಓಟಿಲ್ಲ ಅಂದರು. ಭರವಸೆಗಳು ಬಂದವು, ಮರುವರ್ಷ ಸರ್ಕಾರವೂ ಬದಲಾಯಿತು. ತಲೆಗೆ ಪೆಟ್ಟಾದವರನ್ನು, ಹೃದಯಾಘಾತವಾದವರನ್ನು ಹೊತ್ತ ಆಂಬುಲೆನ್ಸ್‌ಗಳು ಮಾತ್ರ ಅದೇ ಮಣಿಪಾಲ, ಮಂಗಳೂರು, ಹುಬ್ಬಳ್ಳಿ ದಾರಿ ಹಿಡಿದು ಓಡುತ್ತಲೇ ಉಳಿದವು. ಹುಬ್ಬಳ್ಳಿ-ಅಂಕೋಲಾ ರೈಲಿನ ಕಥೆಯಂತೂ ಗೊತ್ತೇ ಇದೆ. ಅಡಿಗಲ್ಲು ಹಾಕಿದ್ದು 1999ರಲ್ಲಿ, ರೈಲು ಮಾತ್ರ ಇನ್ನೂ ಬಂದಿಲ್ಲ.

ಇದರ ಮೇಲೆ ಪಕ್ಷಾಂತರ ಬೇರೆ. ಯಲ್ಲಾಪುರದಲ್ಲಿ ಶಿವರಾಮ ಹೆಬ್ಬಾರರು 2018ರಲ್ಲಿ ಕಾಂಗ್ರೆಸ್‌ನಿಂದ ಗೆದ್ದರು, 2019ರ ಡಿಸೆಂಬರ್ ಉಪಚುನಾವಣೆಯಲ್ಲಿ ಬಿಜೆಪಿಯಿಂದ ಗೆದ್ದರು. ಮೊದಲ ಸಲ ಹಸ್ತಕ್ಕೆ ಒತ್ತಿದ ಹುಡುಗನಿಗೆ ತನ್ನ ಓಟು ಎಲ್ಲಿ ಹೋಯಿತು ಅನ್ನಿಸಿದರೆ ಅದು ಅವನ ತಪ್ಪಲ್ಲ. ಇನ್ನು ಲೋಕಸಭೆಯಲ್ಲಿ ಗೆಲುವಿನ ಅಂತರ 2019ರಲ್ಲಿ ನಾಲ್ಕೂವರೆ ಲಕ್ಷ ದಾಟಿತ್ತು, 2024ರಲ್ಲಿ ಮೂರು ಲಕ್ಷ ದಾಟಿತು. ಅಂಥ ಕಡೆ ಒಂದು ಓಟು ಹಗುರ ಅನ್ನಿಸುವುದು ಸಹಜ.

ಆದರೆ ಇದೇ ಜಿಲ್ಲೆಯ 2023ರ ವಿಧಾನಸಭೆ ಲೆಕ್ಕ ನೋಡಿ. ಕುಮಟಾದಲ್ಲಿ ಗೆದ್ದವರಿಗೂ ಸೋತವರಿಗೂ ನಡುವೆ ಇದ್ದದ್ದು ಏಳುನೂರಕ್ಕಿಂತ ಕಡಿಮೆ ಓಟು. ಬೂತಿಗೆ ನಾಲ್ಕಾರು ಜನ ಹೆಚ್ಚು ಬಂದಿದ್ದರೆ ಅಲ್ಲಿ ಶಾಸಕರೇ ಬೇರೆ. ಮತ್ತೆ ಅಲ್ಲಿ ಎರಡನೇ ಸ್ಥಾನಕ್ಕೆ ಬಂದದ್ದು ಜೆಡಿಎಸ್, ಕಾಂಗ್ರೆಸ್ ಅಲ್ಲ. ಕಾರವಾರದಲ್ಲಿ ಅಂತರ ಎರಡು ಸಾವಿರದ ಆಸುಪಾಸು. ನಮ್ಮ ಶಿರಸಿಯಲ್ಲಿ, ಅಂಕೋಲಾ ಮತ್ತು ಶಿರಸಿ ಸೇರಿ ಆರು ಸಲ ಸತತವಾಗಿ ಗೆದ್ದಿದ್ದ, ಆಗ ವಿಧಾನಸಭೆ ಸ್ಪೀಕರ್ ಆಗಿದ್ದ ಬಿಜೆಪಿಯ ವಿಶ್ವೇಶ್ವರ ಹೆಗಡೆ ಕಾಗೇರಿಯವರೇ ಎಂಟು ಸಾವಿರ ಚಿಲ್ಲರೆ ಓಟಿನಿಂದ ಸೋತರು. ಮರುವರ್ಷ ಅವರನ್ನೇ ಇದೇ ಜನ ಲೋಕಸಭೆಗೆ ಕಳಿಸಿದರು. ಜನ ಲೆಕ್ಕ ಹಾಕಿಯೇ ಓಟು ಹಾಕುತ್ತಾರೆ, ಕುರಿಮಂದೆ ಅಲ್ಲ.

ಎರಡೇ ಪಕ್ಷ ಅನ್ನುವುದೂ ಈ ನೆಲದ ಹಣೆಬರಹವೇನಲ್ಲ. 1967ರಲ್ಲಿ ನಮ್ಮ ಹಿರಿಯರು ದಿನಕರ ದೇಸಾಯಿಯವರನ್ನು ಪಕ್ಷೇತರರಾಗಿ ಲೋಕಸಭೆಗೆ ಕಳಿಸಿದ್ದರು. ಗೇಣಿದಾರ ರೈತರ ಪರ ಹೋರಾಡಿ ಬ್ರಿಟಿಷರಿಂದ ಗಡೀಪಾರಾದವರು, ಊರೂರಿಗೆ ಶಾಲೆ ಕಟ್ಟಿದವರು. ಅಂಥವರಿಗೆ ಪಕ್ಷದ ಚಿಹ್ನೆ ಬೇಕಾಗಲಿಲ್ಲ. 2013ರಲ್ಲಿ ಭಟ್ಕಳದಲ್ಲೂ ಗೆದ್ದದ್ದು ಪಕ್ಷೇತರರೇ.

ನೋಟಾ ಒತ್ತುತ್ತೇನೆ ಅನ್ನುವವರ ಸಿಟ್ಟು ನನಗೆ ಅರ್ಥವಾಗುತ್ತದೆ. ಸುಪ್ರೀಂ ಕೋರ್ಟ್ 2013ರಲ್ಲಿ ಆ ಗುಂಡಿ ಕೊಡಿಸಿತು. ಆದರೆ ನೋಟಾಗೆ ಎಲ್ಲರಿಗಿಂತ ಜಾಸ್ತಿ ಓಟು ಬಿದ್ದರೂ ಅಭ್ಯರ್ಥಿಗಳಲ್ಲಿ ಹೆಚ್ಚು ಓಟು ಪಡೆದವರೇ ಗೆದ್ದ ಹಾಗೆ. ಸಿಟ್ಟು ದಾಖಲಾಗುತ್ತದೆ, ಕೆಲಸ ಆಗಲ್ಲ.

ಇಷ್ಟೆಲ್ಲ ಹೇಳಿದ್ದು ನನ್ನ ಮುಖ್ಯ ಮಾತಿಗೆ ಬರೋಕೆ. ಎಂಪಿ, ಎಂಎಲ್ಎ ಓಟಿನ ಬಗ್ಗೆ ಇಷ್ಟು ವಾದ ಮಾಡುವ ನಾವು, ನಮ್ಮ ಕೈಗೆ ಕೊಡದೇ ಇಟ್ಟುಕೊಂಡ ಓಟಿನ ಬಗ್ಗೆ ಯಾಕೆ ಮಾತೇ ಆಡುವುದಿಲ್ಲ?

ಜಿಲ್ಲಾ ಪಂಚಾಯತ್, ತಾಲ್ಲೂಕು ಪಂಚಾಯತ್‌ಗೆ ನಾವು ಓಟು ಹಾಕಿದ್ದು 2016ರ ಫೆಬ್ರವರಿಯಲ್ಲಿ. 2021ರಲ್ಲಿ ಅವಧಿ ಮುಗಿಯಿತು. ಆಮೇಲೆ ವಿಧಾನಸಭೆ ಚುನಾವಣೆ ಬಂತು, ಲೋಕಸಭೆ ಚುನಾವಣೆ ಬಂತು, ಇದು ಮಾತ್ರ ಬರಲಿಲ್ಲ. ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆಸಬೇಕು ಅಂತ ಸಂವಿಧಾನದಲ್ಲೇ ಬರೆದಿದೆ. ರಾಜ್ಯ ಚುನಾವಣಾ ಆಯೋಗದ ಕೈಯಲ್ಲಿದ್ದ ಕ್ಷೇತ್ರ ವಿಂಗಡಣೆಯ ಅಧಿಕಾರವನ್ನು 2021ರಲ್ಲಿ ಬಿಜೆಪಿ ಸರ್ಕಾರ ಕಾನೂನು ತಿದ್ದಿ ಬೇರೆ ಆಯೋಗಕ್ಕೆ ಕೊಟ್ಟಿತು. 2023ರಲ್ಲಿ ಕಾಂಗ್ರೆಸ್ ಸರ್ಕಾರ ಬಂತು, ಅದೂ ಮುಂದಕ್ಕೆ ಹಾಕಿತು. ಒಮ್ಮೆ ಕ್ಷೇತ್ರ, ಒಮ್ಮೆ ಮೀಸಲಾತಿ, ಒಮ್ಮೆ ಕೋರ್ಟು. ಬೇರೆ ಎಲ್ಲದಕ್ಕೂ ಜಗಳವಾಡುವ ಇಬ್ಬರೂ ಈ ಒಂದು ವಿಷಯದಲ್ಲಿ ಎಷ್ಟು ಚೆನ್ನಾಗಿ ಹೊಂದಿಕೊಂಡರು ನೋಡಿ. ಓಟಿಗೆ ಬೆಲೆಯೇ ಇಲ್ಲದಿದ್ದರೆ ಅದನ್ನು ತಡೆದಿಡುವ ಅಗತ್ಯ ಯಾರಿಗೂ ಇರುತ್ತಿರಲಿಲ್ಲ, ಅಲ್ವಾ?

ನಮ್ಮ ಊರ ಹಳ್ಳಕ್ಕೆ ಒಂದು ಕಾಲುಸಂಕ ಇದೆ. ಎರಡು ಅಡಿಕೆ ಮರ ಜೋಡಿಸಿ ಕಟ್ಟಿದ್ದು, ಹಿಡಿದುಕೊಳ್ಳೋಕೆ ಒಂದೇ ಕಡೆ ಬಿದಿರಿನ ಗಳ. ಆಷಾಢ ಬಂತೆಂದರೆ ಮರದ ಮೇಲೆ ಪಾಚಿ, ಕೆಳಗೆ ಕೆಂಪು ನೀರು. ತಾಯಂದಿರು ಮಕ್ಕಳ ಚಪ್ಪಲಿ ಬಿಚ್ಚಿಸಿ, ಪಾಟಿಚೀಲ ತಮ್ಮ ಹೆಗಲಿಗೆ ಹಾಕಿಕೊಂಡು, ಕೈ ಹಿಡಿದು ಅಡ್ಡಡ್ಡ ಹೆಜ್ಜೆ ಇಡಿಸಿ ದಾಟಿಸುತ್ತಾರೆ. ಮಳೆ ಜೋರಾದ ದಿನ ಆ ಮಕ್ಕಳಿಗೆ ಶಾಲೆ ಇಲ್ಲ. ಇದಕ್ಕೆ ದಿಲ್ಲಿಗೆ ಹೋಗಬೇಕಾಗಿಲ್ಲ, ಬೆಂಗಳೂರಿಗೂ ಬೇಡ. ಹಳ್ಳಿ ರಸ್ತೆ, ಕುಡಿಯುವ ನೀರು, ಶಾಲೆಯ ಕಟ್ಟಡ, ಪ್ರಾಥಮಿಕ ಆರೋಗ್ಯ ಕೇಂದ್ರ, ಇವೆಲ್ಲ ಜಿಲ್ಲಾ ಪಂಚಾಯತ್ ನೋಡಿಕೊಳ್ಳುವ ಕೆಲಸ. ಸದಸ್ಯರು ಇದ್ದಾಗ ನಾವು ಹೋಗಿ ಅವರ ಮನೆ ಜಗುಲಿಯ ಮೇಲೆ ಕೂರುತ್ತಿದ್ದೆವು. ಯಾವ ಪಕ್ಷದವರಾದರೂ ಮದುವೆ, ಶ್ರಾದ್ಧ, ತೇರಿನಲ್ಲಿ ಮುಖಾಮುಖಿ ಆಗಲೇಬೇಕಿತ್ತು, ತಪ್ಪಿಸಿಕೊಳ್ಳೋಕೆ ಆಗುತ್ತಿರಲಿಲ್ಲ. ಸದಸ್ಯರ ಜಾಗಕ್ಕೆ ಸರ್ಕಾರ ನೇಮಿಸಿದ ಆಡಳಿತಾಧಿಕಾರಿ ಬಂದ ಮೇಲೆ ಅರ್ಜಿ ಕೊಟ್ಟು ಸ್ವೀಕೃತಿ ತೆಗೆದುಕೊಂಡು ಬರುವುದೇ ಕೆಲಸವಾಯಿತು. ಅಧಿಕಾರಿಗಳು ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಅವರನ್ನು ಆರಿಸಿದ್ದು ನಾವಲ್ಲ, ಇಳಿಸುವುದೂ ನಮ್ಮ ಕೈಯಲ್ಲಿಲ್ಲ.

ನಮ್ಮ ಜಿಲ್ಲೆಯವರಿಗೆ ಇದು ಇನ್ನೂ ಹೆಚ್ಚು ಚುಚ್ಚಬೇಕು. ಕರ್ನಾಟಕದಲ್ಲಿ ಹಳ್ಳಿಯ ಕೈಗೆ ನಿಜವಾದ ಅಧಿಕಾರ ಕೊಟ್ಟ ಕಾನೂನು ತಂದವರು ಆಗಿನ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ಮತ್ತು ಅವರ ಪಂಚಾಯತ್ ರಾಜ್ ಮಂತ್ರಿ ಅಬ್ದುಲ್ ನಜೀರ್ ಸಾಬ್. 1987ರಲ್ಲಿ ಜಿಲ್ಲಾ ಪರಿಷತ್ತುಗಳಿಗೆ ಚುನಾವಣೆ ನಡೆಯಿತು. ದೇಶ ಅದನ್ನು ನೋಡಿ ಕಲಿಯಿತು. ಆ ಹೆಗಡೆಯವರು ನಮ್ಮ ಸಿದ್ದಾಪುರದ ದೊಡ್ಮನೆಯವರು. ಅವರ ಊರಿನ ಜನರೇ ಈ ಓಟಿಲ್ಲದೆ ವರ್ಷಗಟ್ಟಲೆ ಸುಮ್ಮನಿದ್ದೇವೆ. ಒಂದು ಬಂದ್ ಇಲ್ಲ, ಒಂದು ಮೆರವಣಿಗೆ ಇಲ್ಲ.

ಆದ್ದರಿಂದ ಸಿಟ್ಟಿರುವ ಹುಡುಗರಿಗೆ ನನ್ನ ಕೋರಿಕೆ ಇಷ್ಟು. ಸಿಟ್ಟು ಬಿಡಬೇಡಿ, ಮನೆಯಲ್ಲಿ ಕೂರಬೇಡಿ. ಎಂಎಲ್ಎ ಓಟಿಗೆ ಬನ್ನಿ, ಎಂಪಿ ಓಟಿಗೂ ಬನ್ನಿ. ಪ್ರಚಾರಕ್ಕೆ ಬಂದವರನ್ನು ಅಂಗಳದಲ್ಲೇ ನಿಲ್ಲಿಸಿ, ಐದು ವರ್ಷ ಮುಗಿಯುವ ಮೊದಲೇ ಜಿಲ್ಲಾ, ತಾಲ್ಲೂಕು ಪಂಚಾಯತ್ ಚುನಾವಣೆ ನಡೆಸುತ್ತೀರಾ ಅಂತ ಕೇಳಿ. ಉತ್ತರವನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ.

ನಮ್ಮೂರಲ್ಲಿ ನಾವು ಕೆಲವರು ಸೇರಿ ಇದೇ ವಿಷಯಕ್ಕೆ ಗ್ರಾಮಸಭೆಯಲ್ಲಿ ಮಂಡಿಸೋಕೆ ಒಂದು ಠರಾವು ಬರೆದಿದ್ದೇವೆ. ಒಂದೇ ಪುಟ. ಪಕ್ಷದ ಹೆಸರಿಲ್ಲ, ಬೈಗುಳವಿಲ್ಲ. ನಿಮ್ಮ ಗ್ರಾಮಸಭೆಯಲ್ಲೂ ಮಂಡಿಸುವುದಾದರೆ ಹೇಳಿ, ಪ್ರತಿ ಕಳಿಸುತ್ತೇನೆ.