ಲೈಸನ್ಸ್ ಇದ್ದವನಿಗೆ ದಂಡ, ಇಲ್ಲದವನಿಗೆ ದಲಾಲಿ

ಬೆಳಗಾವಿಯಲ್ಲಿ ಆಟೊ ಓಡಿಸಬೇಕಂದರೆ ಲೈಸನ್ಸ್ ಬೇಕು, ಆರ್‌ಟಿಒ ಸಾಹೇಬರ ಮುಂದೆ ಓಡಿಸಿ ತೋರಿಸಬೇಕು. ನಲವತ್ತು ಲಕ್ಷದ ಪ್ಲಾಟ್ ಕೊಡಿಸೋಕೆ? ಒಂದು ಬಿಳಿ ಕಾರು, ಕಂಕುಳಲ್ಲಿ ಒಂದು ಫೈಲು, ಚಹಾದಂಗಡಿಯಲ್ಲಿ ಉದ್ರಿ. ಸಾಕು.

ಹಾಗಂತ ಕಾನೂನೇ ಇಲ್ಲ ಅಂದ್ಕೋಬೇಡಿ. ಇದೆ. 2016ರ ರೇರಾ ಕಾಯ್ದೆ, ಅಂದರೆ ಮನೆ-ಪ್ಲಾಟ್ ವ್ಯವಹಾರಕ್ಕೆ ಲಗಾಮು ಹಾಕೋ ಕೇಂದ್ರದ ಕಾನೂನು, ಅದಕ್ಕೆ ನಮ್ಮ ರಾಜ್ಯದ 2017ರ ನಿಯಮ. ಏಜೆಂಟ್ ಆಗೋರು ಆನ್‌ಲೈನ್‌ನಲ್ಲಿ ಅರ್ಜಿ ಹಾಕಿ, ಒಬ್ಬರೇ ಆದರೆ 25,000 ರೂಪಾಯಿ, ಕಂಪನಿ ಆದರೆ 2 ಲಕ್ಷ ಕಟ್ಟಿ, ಪ್ಯಾನ್ ಕಾರ್ಡು, ಫೋಟೊ, ಆಫೀಸಿನ ವಿಳಾಸ, ಹಿಂದಿನ 3 ವರ್ಷದ ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಎಲ್ಲ ಲಗತ್ತಿಸಬೇಕು. ರಿಟರ್ನ್ ಅನ್ನೋ ಮಾತು ಕಿವಿಗೆ ಬಿದ್ದ ತಕ್ಷಣ ನಮ್ಮ ಅರ್ಧ ದಲಾಲರು ಮನೆಗೆ ರಿಟರ್ನ್. ಆಫೀಸಿನ ವಿಳಾಸ ಬರೆಯೋ ಜಾಗದಲ್ಲಿ ಉಳಿದರ್ಧ ಜನ ಪೆನ್ನು ಕಚ್ಚುತ್ತಾ ಕೂರ್ತಾರೆ. ಚಹಾದಂಗಡಿ ಮುಂದಿನ ಕಟ್ಟೆಗೆ ಪಿನ್‌ಕೋಡ್ ಇದ್ದರೂ ಮನೆ ನಂಬರ್ ಇರಲ್ವಲ್ಲ!

ಇಷ್ಟೆಲ್ಲ ಕೇಳುವ ನಿಯಮ ಒಂದನ್ನು ಮಾತ್ರ ಕೇಳೋದಿಲ್ಲ. ಅಪ್ಪಾ, ನಿನಗೆ ಉತಾರ, ಅಂದರೆ ಜಮೀನಿನ ಪಹಣಿ, ಓದೋಕೆ ಬರುತ್ತಾ? ಪರೀಕ್ಷೆಯ ಮಾತೇ ಇಲ್ಲ. ದುಡ್ಡು ಕಟ್ಟಿದವನು ಪಾಸು. ಇನ್ನೂ ಮಜಾ ಏನಂದರೆ, ಅರ್ಜಿ ಹಾಕಿದ ಮೇಲೆ ನಿಗದಿತ ಅವಧಿಯೊಳಗೆ ರೇರಾ ಪ್ರಾಧಿಕಾರದಿಂದ ಹೂಂ, ಊಹೂಂ ಏನೂ ಬರದಿದ್ದರೆ ನೋಂದಣಿ ಆಯ್ತು ಅಂತಲೇ ತಿಳ್ಕೋಬೇಕು, ಕಾಯ್ದೆಯೇ ಹಾಗೆ ಹೇಳುತ್ತೆ. ಸರ್ಕಾರ ಸುಮ್ನೆ ಕೂತಿದ್ದಕ್ಕೂ ಒಬ್ಬರಿಗೆ ಲಾಭ ಆಯ್ತಲ್ಲ, ಸಂತೋಷ.

ಈಗ ಅಸಲಿ ಮಾತಿಗೆ ಬರೋಣ. ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ರೇರಾದಲ್ಲಿ ನೋಂದಣಿ ಆದ ಪ್ರಾಜೆಕ್ಟಿನ ಪ್ಲಾಟ್ ಮಾರಿಸೋಕೆ ಏಜೆಂಟನಿಗೆ ನೋಂದಣಿ ನಂಬರ್ ಬೇಕು. 10ನೇ ಸೆಕ್ಷನ್ ಪ್ರಕಾರ ನಂಬರ್ ಪಡೆದವನು ನೋಂದಣಿ ಆಗದ ಪ್ರಾಜೆಕ್ಟಿನ ಕಡೆ ತಲೆ ಹಾಕಿ ಮಲಗುವಂತಿಲ್ಲ. ತಪ್ಪಿದರೆ ದಿನಕ್ಕೆ 10,000 ರೂಪಾಯಿ ದಂಡ, ಪ್ಲಾಟಿನ ಬೆಲೆಯ ನೂರಕ್ಕೆ 5ರವರೆಗೂ ಏರಬಹುದು. ಸರಿ. ಹಾಗಾದರೆ ನಂಬರೇ ಇಲ್ಲದವನು ನೋಂದಣಿಯೇ ಇಲ್ಲದ ಲೇಔಟಿನಲ್ಲಿ ಪ್ಲಾಟ್ ಮಾರಿಸಿದರೆ? ಎರಡೂ ಸೆಕ್ಷನ್ ಇನ್ನೊಮ್ಮೆ ಓದಿ ನೋಡಿ. ಲೇಔಟ್ ಮಾಡಿದ ಮಾಲೀಕನಿಗೆ ಬೇರೆ ಸೆಕ್ಷನ್ ಇದೆ, ಅದು ಅವನ ಹಣೆಬರಹ. ಮಧ್ಯದಲ್ಲಿರೋ ನಮ್ಮ ಬಿಳಿ ಕಾರಿನವನು 9ಕ್ಕೂ ಸಿಗೋದಿಲ್ಲ, 10ಕ್ಕೂ ಸಿಗೋದಿಲ್ಲ. ಕಾಗದಪತ್ರ ಚೊಕ್ಕಟ ಇರೋ ಕಡೆ ಕಾವಲು, ಮೋಸ ಹೋಗೋ ಕಡೆ ಬಾಗಿಲೇ ಇಲ್ಲ.

ಆ ಬಾಗಿಲಿಲ್ಲದ ಜಾಗ ನೋಡಬೇಕಂದರೆ ಭಾನುವಾರ ಹಲಗಾ ಕಡೆ ಹೋಗಿ. ಮೊನ್ನೆವರೆಗೆ ಕಬ್ಬು ಇದ್ದ ಹೊಲ. ಈಗ ಸುಣ್ಣ ಬಳಿದ ಕಲ್ಲು, ಕಲ್ಲಿಗೊಂದು ಬಣ್ಣದ ಪತಾಕೆ. ಕಬ್ಬಿನ ಕೂಳೆ ಇನ್ನೂ ಹಾಗೇ ಇದೆ, ನಡೆದರೆ ಚಪ್ಪಲಿಗೆ ಚುಚ್ಚುತ್ತೆ. ಕಾರಿನ ಬಾನೆಟ್ ಮೇಲೆ ಜೆರಾಕ್ಸ್ ನಕ್ಷೆ ಹರಡಿಕೊಳ್ಳುತ್ತೆ, ಗಾರ್ಡನ್ ಇರೋ ಜಾಗಕ್ಕೆ ಸ್ಕೆಚ್ ಪೆನ್ನಿನಿಂದ ಹಸಿರು ಬಣ್ಣ.

‘ಸರ, ಸುವರ್ಣ ವಿಧಾನಸೌಧಕ್ಕ ಹತ್ತ ನಿಮಿಷ ರೀ.’

ಅಧಿವೇಶನಕ್ಕಂತ ವರ್ಷದಲ್ಲಿ ಕೆಲವೇ ದಿನ ತುಂಬೋ ಸೌಧಕ್ಕೆ ಹತ್ತೇ ನಿಮಿಷದಲ್ಲಿ ಹೋಗಿ ನಾನೇನು ಮಾಡಲಿ, ಗೊತ್ತಿಲ್ಲ. ಎನ್‌ಎ ಆಗಿದೆಯಾ, ಅಂದರೆ ಹೊಲ ಕೃಷಿಯೇತರ ಜಮೀನಾಗಿ ಬದಲಾಗಿದೆಯಾ ಅಂತ ಕೇಳಿ ನೋಡಿ. ‘ಆದಂಗ ರೀ ಸರ, ಫೈಲ್ ಡಿಸಿ ಆಫೀಸನ್ಯಾಗ ಐತಿ.’ ಆ ಫೈಲು ಆ ಆಫೀಸಿನಲ್ಲೇ ಹುಟ್ಟಿ, ಬೆಳೆದು, ಅಲ್ಲೇ ಮುದುಕಾಗಿರುತ್ತೆ. ಉತಾರ ಕೇಳಿದರೆ ಜಂಟಿ ಉತಾರ ಬರುತ್ತೆ, ಅದರಲ್ಲಿ ಒಂದು ಬಸ್ಸಿಗಾಗುವಷ್ಟು ಜನರ ಹೆಸರು, ನಿಮ್ಮದನ್ನೂ ಅದರ ಕೆಳಗೆ ಸೇರಿಸ್ತಾರಂತೆ. ಸಂಚಕಾರದ ಮುಂಗಡ ದುಡ್ಡು ಮಾತ್ರ ಇವತ್ತೇ ಕೊಡಬೇಕು, ಯಾಕಂದರೆ ‘ಪುಣೆ ಪಾರ್ಟಿ’, ಅಂದರೆ ಪುಣೆಯ ಗಿರಾಕಿ, ನಾಳೆ ಬರುತ್ತೆ. ಈ ಪುಣೆ ಪಾರ್ಟಿಯನ್ನು ಇವತ್ತಿನವರೆಗೆ ಕಣ್ಣಾರೆ ಕಂಡವರು ಯಾರೂ ನನಗೆ ಸಿಕ್ಕಿಲ್ಲ.

ಧೈರ್ಯ ಮಾಡಿ ರೇರಾ ನಂಬರ್ ಐತೇನ್ರೀ ಅಂದರೆ, ‘ಐತಲ್ರೀ ಸರ, ಬರ್ಕೋರಿ’ ಅಂತ ಮೊಬೈಲ್ ನಂಬರ್ ಹೇಳ್ತಾರೆ. ‘ವಾಟ್ಸಾಪೂ ಇದರಾಗ ಐತ್ರಿ.’

ಇಲ್ಲಿಂದ ಸ್ವಲ್ಪ ಮುಂದೆ ಹೋದರೆ ಮಹಾರಾಷ್ಟ್ರ. ಅಲ್ಲಿನ ರೇರಾದವರು 2023ರಲ್ಲಿ ಏಜೆಂಟರಿಗೆ ತರಬೇತಿ, ಪರೀಕ್ಷೆ, ಸರ್ಟಿಫಿಕೇಟ್ ಎಲ್ಲ ಕಡ್ಡಾಯ ಮಾಡಿದರು. ಅಂದರೆ ಕೊಲ್ಲಾಪುರದ ದಲಾಲ ಪುಸ್ತಕ ಹಿಡಿದು ಓದ್ತಿದ್ದಾನೆ, ನಮ್ಮವನು ಕಟ್ಟೆ ಮೇಲೆ ಕೂತು ಅವನ ಮೇಲೆ ಕನಿಕರ ಪಡ್ತಿದ್ದಾನೆ. ಗಡಿ ವಿಷಯದಲ್ಲಿ ಇಂಚೂ ಬಿಡದ ನಾವು ಇದರಲ್ಲಿ ಮಾತ್ರ ಯಾಕೆ ಹಿಂದೆ ಉಳಿಬೇಕು? ಇಲ್ಲೂ ಪರೀಕ್ಷೆ ಇಡಲಿ. ಪ್ರಶ್ನೆಪತ್ರಿಕೆ ಬೇಕಾದರೆ ನಾನೇ ಕೊಡ್ತೀನಿ, ಫೀಸ್ ಬೇಡ.

ಪ್ರಶ್ನೆ: 1 ಎಕರೆಗೆ 40 ಗುಂಟೆ, ಅಂದರೆ 43,560 ಚದರ ಅಡಿ. ರಸ್ತೆ, ಗಾರ್ಡನ್, ಚರಂಡಿ ಯಾವುದಕ್ಕೂ ಅಂಗೈಯಷ್ಟು ಜಾಗ ಬಿಡದೆ ಅಳೆದರೂ 30×40ರ ಪ್ಲಾಟ್ ಆಗೋದು 36. ಹಾಗಾದರೆ ಮಾರಬಹುದಾದ ಪ್ಲಾಟ್ ಎಷ್ಟು?

ಉತ್ತರ: ಮೊದಲು ಪಾರ್ಟಿ ಎಷ್ಟು ಬಂದಾವ ಹೇಳ್ರಿ ಸರ.