ಕೋಟು ಕಂಡರೆ ತೋಳಿಗೆ ನಡುಕ

ಹದಿಮೂರನೇ ವಯಸ್ಸಿನಿಂದ ನನಗೆ ಟೈಪ್ ಒನ್ ಡಯಾಬಿಟಿಸ್. ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಚುಚ್ಚಿಕೊಳ್ಳುವವನಿಗೆ ಸೂಜಿಯ ಭಯವೆಲ್ಲಿಯದು? ನನ್ನ ಭಯವೆಲ್ಲ ತೋಳಿಗೆ ಸುತ್ತುವ ಆ ಪಟ್ಟಿಯದು. ತುಮಕೂರಿನ ನಮ್ಮ ಡಾಕ್ಟರಮ್ಮ ಬಿಳಿ ಕೋಟು ತೊಟ್ಟು ಎದುರು ಕುಳಿತರೆ ಸಾಕು, ಬಿ.ಪಿ. 160/96. ಮನೆಯಲ್ಲಿ ನೋಡಿಕೊಂಡರೆ 122/78. ಆ ಚೀಟಿ ತೋರಿಸಿದಾಗ, ತನ್ನ ಉತ್ತರಪತ್ರಿಕೆಗೆ ತಾನೇ ಅಂಕ ಹಾಕಿಕೊಂಡು ಬಂದ ಹುಡುಗನನ್ನು ನೋಡುವಂತೆ ನೋಡಿದರು.

"ಸಕ್ಕರೆಯ ಜೊತೆ ಬಿ.ಪಿ.ಯೂ ಸೇರಿದರೆ ಕಿಡ್ನಿಯ ಜರಡಿ, ಕಣ್ಣಿನ ಸಣ್ಣ ರಕ್ತನಾಳಗಳು ವರ್ಷಗಟ್ಟಲೆ ಸದ್ದಿಲ್ಲದೆ ಸವೆಯುತ್ತವೆ. ಹಾಗೆಂದು ಇಲ್ಲದ ಬಿ.ಪಿ.ಗೆ ಮಾತ್ರೆ ಕೊಟ್ಟರೆ ತಲೆ ಸುತ್ತಿ ಬೀಳುತ್ತೀರಿ" ಎಂದು ಎಡತೋಳಿಗೆ 24 ಗಂಟೆಯೂ ತಾನಾಗಿಯೇ ಬಿ.ಪಿ. ಅಳೆಯುವ ಯಂತ್ರ ಕಟ್ಟಿ ಕಳುಹಿಸಿದರು. ಹಗಲಿನಲ್ಲಿ ಅರ್ಧ ಗಂಟೆಗೊಮ್ಮೆ ಅದು ಗುರ್ರೆಂದು ಉಬ್ಬುತ್ತದೆ. ಆಗ ಅಲುಗಾಡಬಾರದು, ಮಾತನಾಡಬಾರದು.

ನಾನು ನೇರವಾಗಿ ಹೋದದ್ದು ಕ್ಯಾತ್ಸಂದ್ರಕ್ಕೆ, ತಟ್ಟೆ ಇಡ್ಲಿಗೆ. (ಡಾಕ್ಟರಮ್ಮ ಇದನ್ನು ಓದುವುದಿಲ್ಲವೆಂಬ ಧೈರ್ಯದಿಂದ ಬರೆಯುತ್ತಿದ್ದೇನೆ.) ಇನ್ಸುಲಿನ್ ತೆಗೆದುಕೊಂಡಾಗಿತ್ತು, ಇಡ್ಲಿಯ ಮೇಲೆ ಬೆಣ್ಣೆ ಕರಗುತ್ತಿತ್ತು. ಚಟ್ನಿಯ ಬಕೆಟ್ ಹಿಡಿದು ಸಪ್ಲೈಯರ್ ಬರುವುದಕ್ಕೂ ಯಂತ್ರ ಗುರ್ರೆನ್ನುವುದಕ್ಕೂ ಸರಿಹೋಯಿತು.

"ಚಟ್ನಿ ಹಾಕಲೇ ಸಾರ್?"

ನಾನು ಕಲ್ಲಿನ ಬಸವಣ್ಣ. ಮೌನವೇ ಸಮ್ಮತಿಯೆಂದುಕೊಂಡು ಒಂದು ಸೌಟು ಸುರಿದ. "ಇನ್ನೂ ಸ್ವಲ್ಪ?" ಮತ್ತೊಂದು ಸೌಟು. ಕಣ್ಣಲ್ಲೇ ಬೇಡವೆಂದೆ, ಅವನಿಗೆ ಅದು ಬೇಡಿಕೊಂಡಂತೆ ಕಂಡಿರಬೇಕು. ಮೂರನೆಯ ಸೌಟಿಗೆ ಇಡ್ಲಿ ಮುಳುಗಿ, ಬೆಣ್ಣೆಯೊಂದು ಮೇಲೆ ತೇಲುತ್ತಿತ್ತು. ಎದುರಿಗಿದ್ದ ಅಜ್ಜ, "ಪಾಪ, ಮಾತು ಬರುವುದಿಲ್ಲವೇನೋ, ಸಾಕು ಬಿಡಪ್ಪ" ಎಂದು ಅವನನ್ನು ತಡೆದರು. ಪಟ್ಟಿ ಸಡಿಲವಾದೊಡನೆ ನಾನು "ಬಹಳ ಉಪಕಾರವಾಯಿತು ಅಜ್ಜ" ಎಂದದ್ದೇ ತಪ್ಪಾಯಿತು. ಅವರು ತಮ್ಮ ತಟ್ಟೆ ಎತ್ತಿಕೊಂಡು ಬೇರೆ ಮೇಜಿಗೆ ಹೋದರು.

ರಾತ್ರಿ ಗಂಟೆಗೊಮ್ಮೆ ಗುರ್ರೆಂದಾಗ ನಾನು ನಿದ್ದೆಯಲ್ಲೇ ಇದ್ದೆ. ಎದ್ದು ಕುಳಿತವಳು ನನ್ನ ಹೆಂಡತಿ. ಬೆಳಿಗ್ಗೆ ಅವಳ ಬಿ.ಪಿ. ನೋಡುವ ಧೈರ್ಯ ಯಾರಿಗೂ ಇರಲಿಲ್ಲ.

ಮರುದಿನ ವರದಿ ಬಂತು. ಚಟ್ನಿ ಪ್ರವಾಹದ ಹೊತ್ತಿನಲ್ಲೂ 124/80! "ನಿಮ್ಮದು ಬಿಳಿ ಕೋಟಿನ ಬಿ.ಪಿ." ಎಂದು ಡಾಕ್ಟರಮ್ಮ ನಕ್ಕರು. ಸದ್ಯಕ್ಕೆ ಮಾತ್ರೆ ಬೇಡ, ಆದರೆ ಮನೆಯಲ್ಲಿ ಬಿ.ಪಿ. ನೋಡಿಕೊಳ್ಳುವುದನ್ನು ಬಿಡಬಾರದು, ವರ್ಷಕ್ಕೊಮ್ಮೆ ಮೂತ್ರದ ಆಲ್ಬುಮಿನ್ (ಕಿಡ್ನಿಯ ಜರಡಿ ಸವೆದರೆ ಸೋರುವ ಪ್ರೋಟೀನ್) ಮತ್ತು ಕಣ್ಣಿನ ಪರೀಕ್ಷೆ ತಪ್ಪಿಸಬಾರದು ಎಂದರು. ಆಮೇಲೆ ಕನಿಕರದಿಂದ ಕೋಟು ಬಿಚ್ಚಿ ಕುರ್ಚಿಗೆ ತೂಗುಹಾಕಿ, "ಈಗ ನೋಡೋಣ" ಎಂದು ಪಟ್ಟಿ ಸುತ್ತಿದರು.

158/94.

ಕುರ್ಚಿ ಸರಿಯಾಗಿ ನನ್ನ ಎದುರಿಗೇ ಇತ್ತು.