ಗೆಟ್ಟಿಸ್‌ಬರ್ಗ್ ಮೀಡ್ ಆರಿಸಿಕೊಂಡ ನೆಲವಲ್ಲ

ಅಮೆರಿಕದ ಅಂತರ್ಯುದ್ಧದ ಕುರಿತ ಲೇಖನವೊಂದರಲ್ಲಿ, ಪೆನ್ಸಿಲ್ವೇನಿಯಾದ ಗೆಟ್ಟಿಸ್‌ಬರ್ಗಿನ ದಿಣ್ಣೆಗಳನ್ನು ಉತ್ತರದ ಒಕ್ಕೂಟ ಪಡೆಯ ಜನರಲ್ ಮೀಡ್ ಮೊದಲೇ ಗುರುತಿಸಿ ದಕ್ಷಿಣದ ಬಂಡಾಯ ರಾಜ್ಯಗಳ ಜನರಲ್ ಲೀಯ ಸೇನೆಗಾಗಿ ಕಾದಿದ್ದರು ಎಂದಿರುವುದನ್ನು ಒಪ್ಪಲಾಗದು. 1863ರ ಜೂನ್ 28ರಂದಷ್ಟೇ ಸೇನಾಧಿಪತ್ಯ ವಹಿಸಿಕೊಂಡಿದ್ದ ಅವರು ರಕ್ಷಣಾ ಕದನಕ್ಕೆಂದು ಯೋಚಿಸಿದ್ದು ಮೇರಿಲ್ಯಾಂಡಿನ ಪೈಪ್ ಕ್ರೀಕ್ ಹಳ್ಳದ ಸಾಲನ್ನು. ಅದರ ಸುತ್ತೋಲೆ ಹೊರಟ ಜುಲೈ 1ರಂದೇ ಮೀಡ್ ಅವರ ಅಶ್ವದಳದ ಬ್ಯೂಫೋರ್ಡ್ ಗೆಟ್ಟಿಸ್‌ಬರ್ಗಿನ ಪಶ್ಚಿಮಕ್ಕೆ ಶತ್ರುವನ್ನು ತಡೆದು ನಿಂತದ್ದರಿಂದ ಆ ಯೋಜನೆ ಕಾಗದದಲ್ಲೇ ಉಳಿಯಿತು. ಮೀಡ್ ಅವರ ಹಿರಿಮೆಯಿರುವುದು ತಮ್ಮ ಯೋಜನೆಗೇ ಜೋತುಬೀಳದೆ, ಸ್ಥಳ ಪರೀಕ್ಷಿಸಲು ದಳಪತಿ ಹ್ಯಾನ್ಕಾಕ್ ಅವರನ್ನು ಕಳುಹಿಸಿ ಅವರ ವರದಿಗೆ ಬೆಲೆ ಕೊಟ್ಟಿದ್ದರಲ್ಲಿ. ಜುಲೈ 2ರ ರಾತ್ರಿ ಪುಟ್ಟ ಮನೆಯೊಂದರಲ್ಲಿ ದಳಪತಿಗಳನ್ನು ಸೇರಿಸಿ, ನಿಲ್ಲುವುದೋ ಸರಿಯುವುದೋ, ಮೇಲೆರಗುವುದೋ ಕಾಯುವುದೋ ಎಂದು ಒಬ್ಬೊಬ್ಬರ ಅಭಿಪ್ರಾಯ ಪಡೆದದ್ದರಲ್ಲಿ.

ನೆಲದ ಬಲವನ್ನೇ ನೆಚ್ಚುವ ರಕ್ಷಣೆಯ ಪಾಡು ಶ್ರೀರಂಗಪಟ್ಟಣದವನಾದ ನನಗೆ ಹೊಸದಲ್ಲ. 1799ರ ಮೇ 4ರ ನಡುಹಗಲಿನಲ್ಲಿ, ಮಳೆಗಾಲಕ್ಕೆ ಮುನ್ನ ನೀರಿಳಿದಿದ್ದ ಕಾವೇರಿಯನ್ನು ದಾಟಿಯೇ ಇಂಗ್ಲಿಷರು ಒಡೆದ ಕೋಟೆಗೋಡೆಯನ್ನು ಹತ್ತಿದರು.

ಅಂದಹಾಗೆ, ಜುಲೈ 2ರಂದು ಮೀಡ್ ಅವರದೇ ದಳಪತಿ ಸಿಕಲ್ಸ್ ಅಪ್ಪಣೆಯಿಲ್ಲದೆ ತಮ್ಮ ದಳವನ್ನು ಮುಂದೊಯ್ದು ರಕ್ಷಣಾ ಸಾಲಿನಲ್ಲಿ ಬಿರುಕು ತಂದದ್ದನ್ನು ಲೇಖಕರು ಬಿಟ್ಟಿರುವುದೇಕೆ?